ಸಾವಿನ ಮಡಕೆಯನ್ನು ಮನೆಗೆ ತರಬಹುದಾ?

ಮಣ್ಣಿನ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಅಪ್ಪನ ಬಗ್ಗೆ ಬರೆದಿದ್ದೆ. ಅವರು ತೀರಿಕೊಂಡ ಮೇಲೆ ದಿನಕ್ಕೊಂದರಂತೆ ಹದಿಮೂರು ಕುಡಿಕೆ ಮಾಡಿದೆ. ಒಂದನ್ನೂ ಸುಡಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಸಂಜೆ ಹದಿಮೂರನ್ನೂ ಬಕೆಟ್ ನೀರಿಗೆ ಹಾಕಿ, ಕರಗಿದ ಕೆಸರನ್ನು ಅವರೇ ನೆಟ್ಟಿದ್ದ ಕರಿಬೇವಿನ ಗಿಡದ ಬುಡಕ್ಕೆ ಸುರಿದೆ. ಬರೆದಿದ್ದು ಇಷ್ಟೇ. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ತಂತಮ್ಮ ಮನೆಯ ಸಾವಿನ ಬಗ್ಗೆಯೇ ಇದ್ದವು. ಹಾಗಾಗಿ ಗ್ಲೇಜ್ (ಮಡಕೆಗೆ ಬಳಿಯುವ ಗಾಜಿನಂಥ ಲೇಪ), ತಿಗರಿ, ಕಿಲ್ನ್ (ಮಡಕೆ ಸುಡುವ ಒಲೆ) ಕುರಿತ ಮಾಮೂಲಿ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ. ಈ ಸಲ ಇವೇ.

ಪ್ರಶ್ನೆ: ನಾನು ಕಲಾ ಶಾಲೆಯಲ್ಲಿ ಕೊನೆಯ ವರ್ಷ ಓದುತ್ತಿದ್ದೇನೆ. ಅಜ್ಜ ತೀರಿಕೊಂಡಾಗ ಅಪ್ಪ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಚಿತೆಯ ಸುತ್ತ ಬಂದಿದ್ದು, ಸುತ್ತಿಗೊಂದು ತೂತು ಮಾಡಿದ್ದು, ನೀರು ಸೋರಿದ್ದು ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಅದನ್ನೇ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಅಮ್ಮ 'ಸಾವಿನ ಮಡಕೆ ಮನೆಯೊಳಗೆ ತರಬೇಡ' ಅನ್ನುತ್ತಾರೆ. ಅಪ್ಪ ಮಾತೇ ಆಡುತ್ತಿಲ್ಲ. ಇದು ಮೂಢನಂಬಿಕೆ ಅಲ್ವಾ ಮೇಡಂ? (ರಾಜಾಜಿನಗರ)

ಉತ್ತರ: ಮೂಢನಂಬಿಕೆ ಅಂತ ಅಷ್ಟು ಬೇಗ ತಳ್ಳಿಹಾಕಬೇಡಿ. ನಿಮ್ಮ ಪ್ರಾಜೆಕ್ಟಿಗೆ ಬೇಕಾದ ಮುಖ್ಯ ಮಾತನ್ನು ಅಮ್ಮ ಆಗಲೇ ಹೇಳಿಬಿಟ್ಟಿದ್ದಾರೆ. ಆ ಮಡಕೆ ಇಟ್ಟುಕೊಳ್ಳುವುದಕ್ಕೆ ಮಾಡಿದ್ದಲ್ಲ. ಬಿಡುವುದಕ್ಕೆ ಮಾಡಿದ್ದು. ಬೆನ್ನ ಹಿಂದೆ ಬಿಟ್ಟು, ಅದು ಒಡೆದ ಸದ್ದು ಕೇಳಿದರೂ ತಿರುಗಿ ನೋಡದೆ ನಡೆದು ಬರಬೇಕು.

ನಮ್ಮಲ್ಲಿ ಒಂದು ಸಾವಿಗೆ ಮಣ್ಣು ಎಷ್ಟು ಸಲ ಬರುತ್ತದೆ ನೋಡಿ. ಮೆರವಣಿಗೆಯ ಮುಂದೆ ಹಗ್ಗ ಕಟ್ಟಿ ಹಿಡಿದ ಬೆಂಕಿ ಮಡಕೆ. ಸುಡುವಲ್ಲಿ ನೀರಿನ ಮಡಕೆ. ಆಮೇಲೆ ಅಸ್ಥಿ ಆರಿಸಿ ಹಾಕುವ ಹೊಸ ಕುಡಿಕೆ, ಅದರ ಬಾಯಿಗೆ ಬಟ್ಟೆ ಕಟ್ಟಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ಯುತ್ತೇವೆ. ಹೂಳುವ ಮನೆಗಳಲ್ಲಂತೂ ಮಣ್ಣೇ ಎಲ್ಲ, ಬಂದವರೆಲ್ಲ ಒಂದೊಂದು ಹಿಡಿ ಹಾಕಿಯೇ ಹೋಗುತ್ತಾರೆ. ಹಿಂದೆಲ್ಲ ಸೂತಕ ಕಳೆಯುವ ದಿನ ಅಡುಗೆಮನೆಯ ಮಣ್ಣಿನ ಪಾತ್ರೆಗಳನ್ನು ಹೊರಗೆ ಹಾಕಿ ಹೊಸದು ತರುತ್ತಿದ್ದರು. ಹಿತ್ತಾಳೆ, ತಾಮ್ರವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಮುಗಿಯಿತು, ಮತ್ತೆ ಒಲೆಗೆ ಬರುತ್ತಿತ್ತು. ಮಣ್ಣಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಯಾಕೆ ಅಂತ ಮಣ್ಣಿನ ಕೆಲಸ ಕಲಿಯುವವರೆಗೂ ನನಗೆ ಹೊಳೆದಿರಲಿಲ್ಲ. ಊರ ಆವಿಗೆಯಲ್ಲಿ 700ರಿಂದ 900 ಡಿಗ್ರಿಯಲ್ಲಿ ಬೆಂದ ಮಡಕೆಯ ಗೋಡೆ ತುಂಬ ಕಣ್ಣಿಗೆ ಕಾಣದ ತೂತುಗಳು. ಎಣ್ಣೆ, ಉಪ್ಪು, ಸಾರಿನ ವಾಸನೆ ಎಲ್ಲ ಒಳಗೆ ಇಳಿದು ಕೂರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹರಪ್ಪ ಕಾಲದ ಮಡಕೆ ಚೂರುಗಳಿಂದ ವಿಜ್ಞಾನಿಗಳು ಈಗಲೂ ಕೊಬ್ಬಿನ ಅಂಶ ತೆಗೆದು, ಅವರು ಏನು ಬೇಯಿಸಿಕೊಂಡು ತಿನ್ನುತ್ತಿದ್ದರು ಅಂತ ಹುಡುಕುತ್ತಿದ್ದಾರೆ. ನಾಲ್ಕು ಸಾವಿರ ವರ್ಷ ಆದಮೇಲೂ! ಮಣ್ಣು ಮರೆಯುವುದಿಲ್ಲ ಅನ್ನುವುದು ಕವಿತೆಯ ಮಾತಲ್ಲ. ನಿಮ್ಮ ಅಮ್ಮನ ಅಜ್ಜಿಗೆ ಅದು ಅಡುಗೆಮನೆಯಲ್ಲೇ ಗೊತ್ತಿತ್ತು. ಅದಕ್ಕೇ ಮಡಕೆ ಹೊರಗೆ.

ಆದರೆ ಇದರ ಪೂರ್ತಿ ಉಲ್ಟಾ ಇನ್ನೊಂದು ಪದ್ಧತಿಯೂ ನಮ್ಮ ನೆಲದಲ್ಲೇ ಇತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಸತ್ತ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳಿದ್ದು ಸಿಕ್ಕಿತು. ಬಳ್ಳಾರಿ ಕಡೆಯ ತೆಕ್ಕಲಕೋಟೆಯಲ್ಲೂ ಅಷ್ಟೇ. ತಮಿಳುನಾಡಿನ ತಾಮ್ರಪರ್ಣಿ ದಂಡೆಯ ಆದಿಚ್ಚನಲ್ಲೂರಿನಲ್ಲಿ ದೊಡ್ಡವರ ಮೂಳೆಗಳೂ ದೊಡ್ಡ ದೊಡ್ಡ ಗುಡಾಣಗಳಲ್ಲಿ ಸಿಕ್ಕಿವೆ. ಅಲ್ಲಿ ಮಡಕೆ ಒಡೆಯುವುದಕ್ಕಲ್ಲ. ಸತ್ತವರು ಅದರೊಳಗೇ ಇರಬೇಕು, ಅದೇ ಅವರ ಮನೆ.

ಹಾಗಾಗಿ ನೀವು ಯಾವುದನ್ನು ಮಾಡುತ್ತಿದ್ದೀರಿ, ಬಿಡುವ ಮಡಕೆಯಾ, ಇಟ್ಟುಕೊಳ್ಳುವ ಮಡಕೆಯಾ ಅಂತ ಮೊದಲು ತೀರ್ಮಾನ ಮಾಡಿ. ಸಾವಿನ ಬಗ್ಗೆ ಮಣ್ಣಿನಲ್ಲಿ ಕೆಲಸ ಮಾಡುವ ಎಷ್ಟೋ ಮಕ್ಕಳು ಈ ಪ್ರಶ್ನೆ ಕೇಳಿಕೊಳ್ಳದೆ ಶುರು ಮಾಡುತ್ತಾರೆ. ಬಿಡಬೇಕಾದ ಮಡಕೆಯನ್ನು ಚೆನ್ನಾಗಿ ಸುಟ್ಟು, ಗ್ಲೇಜ್ ಹಾಕಿ, ಗಾಜಿನ ಪೆಟ್ಟಿಗೆಯಲ್ಲಿ ಲೈಟು ಬಿಟ್ಟು ಇಡುತ್ತಾರೆ. ನೋಡುವುದಕ್ಕೆ ಸುಂದರವಾಗಿರುತ್ತದೆ. ಆದರೆ ಸಾವು ಅದರಲ್ಲಿ ಇರುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಸೋರುವ ಮಡಕೆಯನ್ನೇ ಮಾಡುತ್ತಿದ್ದೆ. ಕಾಲೇಜಿನ ಸ್ಟುಡಿಯೊದಲ್ಲೇ ಮಾಡಿ, ಅಲ್ಲೇ ಪ್ರದರ್ಶಿಸಿ, ಮುಗಿದ ದಿನ ಅಲ್ಲೇ ಒಡೆಯಿರಿ. ಮನೆಗೆ ತರಬೇಡಿ, ಅಮ್ಮನ ಮಾತೂ ಉಳಿಯುತ್ತದೆ. ತೂತನ್ನು ಮಣ್ಣು ಅರೆ ಒಣಗಿದಾಗ ಮಾಡಿದರೆ ಅಂಚು ನುಣುಪಾಗಿ ದುಂಡಗೆ ಬರುತ್ತದೆ, ಸುಟ್ಟ ಮೇಲೆ ಕಲ್ಲಿನಿಂದ ಕುಟ್ಟಿ ಮಾಡಿದರೆ ಚಕ್ಕೆ ಎದ್ದು ಒರಟಾಗುತ್ತದೆ. ನಿಮಗೆ ಬೇಕಾದದ್ದು ಎರಡನೆಯದು, ಒಂದೆರಡು ಮಡಕೆ ಪೂರ್ತಿ ಹೋಗುತ್ತವೆ, ಹೋಗಲಿ. ಒಳಗೆ ಕಪ್ಪು ಹೊರಗೆ ಕೆಂಪು ಇರುವಂತೆ ಸುಟ್ಟು ನೋಡುವ ಆಸೆಯಿದ್ದರೆ ಹೊಟ್ಟು, ತರಗೆಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ ಸುಡಿ. ಒಳಗೆ ಗಾಳಿ ಸಿಗದೆ ಕಪ್ಪಾಗುತ್ತದೆ, ಗಾಳಿ ಸಿಕ್ಕ ಹೊರಮೈ ಕೆಂಪಾಗುತ್ತದೆ. ಬ್ರಹ್ಮಗಿರಿಯ ಕಲ್ಲುಗೋರಿಗಳಲ್ಲಿ ಸಿಕ್ಕ ಮಡಕೆಗಳಿಗೂ ಇದೇ ಎರಡು ಬಣ್ಣ.

ಅಪ್ಪನ ವಿಷಯ. ಅವರ ಒಪ್ಪಿಗೆ ಕೇಳಲು ಹೋಗಬೇಡಿ, ಅದಕ್ಕೆ ಅವರು ಏನು ತಾನೇ ಹೇಳುತ್ತಾರೆ? ಆ ನೀರು ಬೆನ್ನ ಮೇಲೆ ಇಳಿದಾಗ ತಣ್ಣಗಿತ್ತಾ ಅಂತ ಕೇಳಿ. ಮಡಕೆ ಎಷ್ಟು ಭಾರ ಇತ್ತು, ಯಾವ ಹೆಗಲು ನೋಯಿತು ಅಂತ ಕೇಳಿ. ಆಮೇಲೆ ಕಾಯಿರಿ.

ಪ್ರಶ್ನೆ: ಅಮ್ಮ ಮೂವತ್ತು ವರ್ಷ ಮಾವಿನಮಿಡಿ ಹಾಕಿದ ಪಿಂಗಾಣಿ ಜಾಡಿ, ಮೇಲೆ ಕಂದು ಕೆಳಗೆ ಬಿಳಿ ಇರುತ್ತಲ್ಲ, ಅದು. ಅವರು ಹೋಗಿ ಎಂಟು ತಿಂಗಳಾಯಿತು. ಮನೆ ಬದಲಾಯಿಸುವಾಗ ಜಾಡಿ ಬಿದ್ದು ನಾಲ್ಕು ತುಂಡಾಯಿತು. ಮುಚ್ಚಳ ಮಾತ್ರ ಉಳಿದಿದೆ. ಆನ್‌ಲೈನ್‌ನಲ್ಲಿ ಕಿಂಟ್ಸುಗಿ ಕಿಟ್ ಸಿಗುತ್ತದೆ, ಚಿನ್ನದ ಗೆರೆ ಬರುವಂತೆ ಅಂಟಿಸಬಹುದಂತೆ. ತರಿಸಲಾ? ಮತ್ತೆ ಉಪ್ಪಿನಕಾಯಿ ಹಾಕಬಹುದಾ? (ಮಲ್ಲೇಶ್ವರ)

ಉತ್ತರ: ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿಮ್ಮ ಪತ್ರ ಓದಿ ಆ ಮಾತೇ ನೆನಪಾಗಿ ಸಂಕಟವಾಯಿತು.

ಮೊದಲು ಎರಡನೇ ಪ್ರಶ್ನೆ. ಉಪ್ಪಿನಕಾಯಿ ಹಾಕಬೇಡಿ. ಆ ಅಗ್ಗದ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಪಾಕ್ಸಿ ಅಂಟು ಮತ್ತು ಚಿನ್ನದ ಬಣ್ಣದ ಪುಡಿ. ಉಪ್ಪು, ಹುಳಿ, ಎಣ್ಣೆ ಮೂರೂ ಸೇರಿ ವರ್ಷಗಟ್ಟಲೆ ಕೂರುವ ಪಾತ್ರೆಗೆ ಅದು ಸಲ್ಲದು. ಜಪಾನಿನ ನಿಜವಾದ ಕಿಂಟ್ಸುಗಿ ಬೇರೆ. ಅದರಲ್ಲಿ ಅಂಟು ಅಂದರೆ ಉರುಷಿ ಅನ್ನುವ ಮರದ ಹಾಲು. ಬೆಚ್ಚಗೆ ತೇವವಾಗಿರುವ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟು ಗಟ್ಟಿಯಾಗಿಸುತ್ತಾರೆ, ಕೊನೆಗೆ ಚಿನ್ನದ ಪುಡಿ. ಹಸಿ ಉರುಷಿ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಮಾವಿನಮಿಡಿಯ ಸೊನೆ ತಾಗಿದರೆ ತುಟಿ ಸುಡುತ್ತಲ್ವಾ, ಉರುಷಿ ಮರವೂ ಮಾವು, ಗೇರಿನ ಕುಟುಂಬದ್ದೇ. ಇದನ್ನು ಓದಿದ ದಿನ ನನಗೆ ನಮ್ಮ ಅಜ್ಜಿಯ ಕೈ ನೆನಪಾಗಿತ್ತು, ಮಿಡಿ ಕಾಲದಲ್ಲಿ ಅವರ ಬೆರಳ ಸಂದಿಯಲ್ಲೆಲ್ಲ ಸೊನೆ ಸುಟ್ಟ ಕಲೆ.

ಸುಮ್ನೆ ಕಪಾಟಿನಲ್ಲಿ ಇಟ್ಟು ನೋಡುವುದಕ್ಕಾದರೆ ಕಿಟ್ ತರಿಸಿ, ತಪ್ಪಿಲ್ಲ. ಆದರೆ ಒಡೆದಿದ್ದಕ್ಕೆಲ್ಲ ಚಿನ್ನದ ಗೆರೆ ಎಳೆಯುವುದು ಈಗ ಒಂದು ರೂಢಿಯಾಗಿಬಿಟ್ಟಿದೆ, ಅದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಿಮ್ಮ ಅಮ್ಮನ ಜಾಡಿಯಲ್ಲಿ ಚಿನ್ನ ಇರಲಿಲ್ಲ. ಮೆಂತ್ಯ, ಸಾಸಿವೆ, ಇಂಗಿತ್ತು. ನಾಲ್ಕು ತುಂಡಿಗೂ ಆ ವಾಸನೆ ಇನ್ನೂ ಇರಬಹುದು, ಮೂಸಿ ನೋಡಿ.

ನನ್ನ ಸಲಹೆ ಮುಚ್ಚಳದಿಂದ ಶುರುವಾಗುತ್ತದೆ. ಹಳೇ ಮುಚ್ಚಳಕ್ಕೆ ಹೊಸ ಜಾಡಿ ಮಾಡಿ, ಅಥವಾ ಮಾಡಿಸಿ. ನಾಲ್ಕರಲ್ಲಿ ಒಂದು ತುಂಡನ್ನು ದಪ್ಪ ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆ ಮಾಸ್ಕ್ ಇರಲೇಬೇಕು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ರವೆಯಷ್ಟು ಸಣ್ಣಗಾದ ಮೇಲೆ ಜರಡಿ ಹಿಡಿದು, ನೂರು ಭಾಗ ಸ್ಟೋನ್‌ವೇರ್ ಮಣ್ಣಿಗೆ (ಹೆಚ್ಚು ಶಾಖಕ್ಕೆ ಬೆಂದು ಕಲ್ಲಿನಂತೆ ಗಟ್ಟಿಯಾಗುವ ಮಣ್ಣು) ಹತ್ತು ಭಾಗದಂತೆ ಕಲಸಿ. ಹೀಗೆ ಸುಟ್ಟ ಮಣ್ಣಿನ ಪುಡಿ ಬೆರೆಸುವುದು ಬಹಳ ಹಳೆಯ ಕ್ರಮ, ಸ್ಟುಡಿಯೊದವರು ಇದನ್ನು ಗ್ರಾಗ್ ಅನ್ನುತ್ತಾರೆ. ಹೊಸ ಮಣ್ಣು ಒಣಗುವಾಗ, ಬೇಯುವಾಗ ಕುಗ್ಗುತ್ತದೆ, ಬಿರಿಯುತ್ತದೆ. ಒಮ್ಮೆ ಬೆಂದ ಮಣ್ಣು ಹಾಗೆ ಕುಗ್ಗುವುದಿಲ್ಲ. ಒಳಗೆ ನಿಂತು ಹೊಸದನ್ನು ಹಿಡಿದುಕೊಳ್ಳುತ್ತದೆ. ಹಳೇ ಗ್ಲೇಜಿನ ಚೂರುಗಳು ಅಲ್ಲಲ್ಲಿ ಕಂದು ಚುಕ್ಕೆಯಾಗಿ ಕಂಡರೆ ಒರೆಸಿ ಮುಚ್ಚಬೇಡಿ.

ಲೆಕ್ಕ ಒಂದು ನೆನಪಿರಲಿ. ಸ್ಟೋನ್‌ವೇರ್ ಮಣ್ಣು ಒಟ್ಟು 12 ಪರ್ಸೆಂಟ್‌ನಷ್ಟು ಕುಗ್ಗುತ್ತದೆ ಅಂತಿಟ್ಟುಕೊಳ್ಳಿ. ಸುಟ್ಟ ಮೇಲೆ ಬಾಯಿ 10 ಸೆಂಟಿಮೀಟರ್ ಬರಬೇಕಾದರೆ ಹಸಿಯಲ್ಲಿ ಸುಮಾರು 11.4 ಇರಬೇಕು. ಪುಡಿ ಬೆರೆಸಿದರೆ ಕುಗ್ಗುವುದು ಸ್ವಲ್ಪ ಕಡಿಮೆಯಾಗುತ್ತದೆ, ಅದೇ ಮಣ್ಣಿನಲ್ಲಿ ಒಂದು ಪಟ್ಟಿ ಮಾಡಿ ಸುಟ್ಟು ಅಳತೆ ನೋಡಿಕೊಂಡರೆ ಮುಚ್ಚಳ ಸರಿಯಾಗಿ ಕೂರುತ್ತದೆ. ಸೀಸ ಇಲ್ಲದ ಗ್ಲೇಜ್ ಹಾಕಿ, ಪೂರ್ತಿ 1200 ಡಿಗ್ರಿ ದಾಟಿಸಿ ಸುಟ್ಟರೆ ಅದರಲ್ಲಿ ಮಿಡಿ ಹಾಕಬಹುದು. ಉಳಿದ ಮೂರು ತುಂಡು ನಿಮ್ಮಲ್ಲೇ ಇರಲಿ.

ಪ್ರಶ್ನೆ: 2021ರ ಮೇ ತಿಂಗಳಲ್ಲಿ ನನ್ನ ಯಜಮಾನರು ಕೋವಿಡ್‌ನಿಂದ ಹೋದರು. ಮುಖ ನೋಡಲು ಸಿಗಲಿಲ್ಲ. ಅಸ್ಥಿಯನ್ನು ಮೈದುನ ಕಾವೇರಿಗೆ ಬಿಟ್ಟರು. ಒಂದು ಹಿಡಿಯಷ್ಟನ್ನು ಮಾತ್ರ ನಾನು ಯಾರಿಗೂ ಹೇಳದೆ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ಮಣ್ಣಿಗೆ ಸೇರಿಸಿ ಏನಾದರೂ ಮಾಡಲು ಆಗುತ್ತದಾ? ಮಾಡಿದರೆ ತಪ್ಪಾ? (ಯಲಹಂಕ)

ಉತ್ತರ: ಅಮ್ಮಾ, ತಪ್ಪಲ್ಲ. ಆ ದಿನಗಳಲ್ಲಿ ಹೆಬ್ಬಾಳ, ಬನಶಂಕರಿ, ವಿಲ್ಸನ್ ಗಾರ್ಡನ್ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲು ನಿಂತಿದ್ದನ್ನು ನೋಡಿದ ಊರು ಇದು. ಯಾರೂ ತೆಗೆದುಕೊಂಡು ಹೋಗಲು ಬಾರದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಆ ವರ್ಷ ಜೂನ್‌ನಲ್ಲಿ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟಿತು. ಅಂಥ ಹೊತ್ತಿನಲ್ಲಿ ಒಂದು ಹಿಡಿ ಎತ್ತಿಟ್ಟುಕೊಂಡಿದ್ದಕ್ಕೆ ನೀವು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಆಗುತ್ತದೆ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಕಠಿಣ ಮಾತುಗಳಿವೆ. ಚಿತಾಗಾರದಿಂದ ಬರುವುದು ಹೆಚ್ಚಿನಂಶ ಮೂಳೆ, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್. ಅದೊಂದೇ ಇದ್ದರೆ ನಮ್ಮ ಕಿಲ್ನ್‌ಗಳ ಶಾಖಕ್ಕೆ ಕರಗುವುದಿಲ್ಲ. ಗ್ಲೇಜಿನಲ್ಲಿ ನೂರಕ್ಕೆ ಎರಡು ಮೂರು ಭಾಗ ಬೆರೆತರೆ ಮಾತ್ರ ಉಳಿದದ್ದರ ಜೊತೆ ಸೇರಿಕೊಂಡು, ಹಾಲಿನಂಥ ಒಂದು ಮಬ್ಬು ಬರಬಹುದು. ಅದೂ 1200 ಡಿಗ್ರಿ ಮೇಲಿನ ಸ್ಟೋನ್‌ವೇರ್‌ನಲ್ಲಿ, ಹಣತೆ ಸುಡುವ ಶಾಖದಲ್ಲಿ ಅಲ್ಲ. ಇದೇನೂ ಕೇಳದ ಕೆಲಸವಲ್ಲ. ಬೋನ್ ಚೈನಾ ಅಂತ ಕಪ್ಪು-ಬಸಿಗಳನ್ನು ತರುತ್ತೇವಲ್ಲ, ಅದರ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಜಾನುವಾರುಗಳ ಮೂಳೆಯ ಬೂದಿಯೇ ಇರುತ್ತದೆ. ಹೆಸರೇ ಅದು.

ಕಠಿಣ ಮಾತು ಇದು. ಆ ಚೂರುಗಳನ್ನು ಕಲ್ಲಿನಲ್ಲಿ ಹಾಕಿ ಅರೆಯಬೇಕು. ನಾನು ಬೇರೆಯವರಿಗಾಗಿ ಅರೆದಿದ್ದೇನೆ, ಆ ಸದ್ದು ಕಿವಿಯಿಂದ ಬೇಗ ಹೋಗುವುದಿಲ್ಲ. ನಿಮ್ಮ ಕೈಯಲ್ಲಿ ಆಗುತ್ತದಾ, ಬೇರೆಯವರ ಕೈಗೆ ಕೊಡಲು ಮನಸ್ಸು ಒಪ್ಪುತ್ತದಾ, ನಿಧಾನವಾಗಿ ಯೋಚಿಸಿ. ಇನ್ನೊಂದು, ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಬೇಡಿ. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬದವರು ಕೊಟ್ಟ ಬೂದಿಯನ್ನೆಲ್ಲ ಒಂದೇ ದಪ್ಪ ಬಟ್ಟಲಿನ ಮಣ್ಣಿಗೆ ಕಲಸಿದ್ದೆ. ಪೂರ್ತಿ ಒಣಗುವ ಮೊದಲೇ ಅವಸರಪಟ್ಟು ಕಿಲ್ನ್‌ಗೆ ಇಟ್ಟೆ. ಮಣ್ಣಿನೊಳಗೆ ಉಳಿದ ನೀರು ನೂರು ಡಿಗ್ರಿಗೆ ಆವಿಯಾಗುತ್ತದೆ, ಹೊರಬರಲು ದಾರಿ ಸಿಗದಿದ್ದರೆ ಪಾತ್ರೆಯನ್ನೇ ಸಿಡಿಸಿಬಿಡುತ್ತದೆ. ಸಿಡಿಯಿತು. ಆ ಮನೆಗೆ ಫೋನ್ ಮಾಡಿ ಹೇಳಬೇಕಾಗಿ ಬಂದ ಸಂಜೆಯನ್ನು ನಾನು ಮರೆತಿಲ್ಲ. ಆವತ್ತಿನಿಂದ ಒಂದು ಚಮಚಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಮೊದಲು ಅಂಗಡಿಯಲ್ಲಿ ಸಿಗುವ ಮೂಳೆ ಬೂದಿಯಲ್ಲೇ ಮೂರು ನಾಲ್ಕು ಸಲ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಊಟ-ತಿಂಡಿಯ ಪಾತ್ರೆ ಮಾಡುವುದಿಲ್ಲ.

ಇನ್ನೂ ಒಂದು ದಾರಿಯಿದೆ. ನಿಮ್ಮವರು ಬೆಳೆಸಿದ ಗಿಡ, ಮರ ಏನಾದರೂ ಇದೆಯಾ? ಅದರ ಒಣಕೊಂಬೆ ಸುಟ್ಟ ಬೂದಿಯೂ ಒಳ್ಳೆಯ ಗ್ಲೇಜ್ ಆಗುತ್ತದೆ. ಎರಡು ಪಾಲು ಬೂದಿ, ಎರಡು ಪಾಲು ಫೆಲ್ಡ್‌ಸ್ಪಾರ್ ಅನ್ನುವ ಕಲ್ಲಿನ ಪುಡಿ, ಒಂದು ಪಾಲು ಬಿಳಿ ಜೇಡಿ, ಶುರು ಮಾಡಲು ಇಷ್ಟು ಸಾಕು. 1250 ಡಿಗ್ರಿ ಹತ್ತಿರ ಕರಗಿ, ಜೇನು ಬಣ್ಣಕ್ಕೋ ತಿಳಿ ಹಸಿರಿಗೋ ತಿರುಗಿ ಪಾತ್ರೆಯ ಮೈ ಮೇಲೆ ಹನಿಹನಿಯಾಗಿ ಇಳಿದಿರುತ್ತದೆ. ಬೂದಿ ನೀರು ಚರ್ಮ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಹೀಗೆ ಮಾಡಿದರೆ ಡಬ್ಬಿಯಲ್ಲಿರುವುದು ಡಬ್ಬಿಯಲ್ಲೇ ಇರಬಹುದು, ಅಥವಾ ನಿಮಗೆ ಸಾಕು ಅನ್ನಿಸಿದ ದಿನ ನದಿಗೆ ಹೋಗಬಹುದು. ಆ ದಿನ ಯಾವುದು ಅಂತ ಮೈದುನನಾಗಲಿ ನಾನಾಗಲಿ ಹೇಳುವಂತಿಲ್ಲ.

ಪ್ರಶ್ನೆ: ತಿಥಿಗೆ ನಾನೇ ಕೈಯಾರೆ ಹಣತೆ ಮಾಡಬೇಕು ಅಂತ ಆಸೆ. ಅಡುಗೆ ಓವನ್‌ನಲ್ಲಿ ಸುಡಬಹುದಾ? ಮನೆ ಹತ್ತಿರದ ಕೆರೆ ಮಣ್ಣು ಆಗುತ್ತದಾ? (ಬೇಗೂರು)

ಉತ್ತರ: ಓವನ್ 250 ಡಿಗ್ರಿಗೆ ನಿಲ್ಲುತ್ತದೆ. ಮಣ್ಣು ಮಡಕೆಯಾಗಲು ಕಡಿಮೆ ಎಂದರೂ 600 ದಾಟಬೇಕು. ಅಲ್ಲಿಯವರೆಗೆ ಅದು ಬರೀ ಒಣಮಣ್ಣು, ನೀರಿಗೆ ಹಾಕಿದರೆ ಮತ್ತೆ ಕೆಸರು. ದಾಟಿದ ಮೇಲೆ ಏನು ಮಾಡಿದರೂ ಹಿಂದಕ್ಕೆ ಬರುವುದಿಲ್ಲ. ಕುಂಬಾರರಿರುವ ಪಾಟರಿ ಟೌನ್‌ನಲ್ಲಿ ಕೇಳಿ ನೋಡಿ, ಅವರ ಆವಿಗೆಯಲ್ಲಿ ನಿಮ್ಮ ಹತ್ತು ಹಣತೆಗೆ ಜಾಗ ಸಿಗಬಹುದು. ಕೆರೆ ಮಣ್ಣು ಆಗುತ್ತದೆ, ಆದರೆ ಈಗಿನ ಕೆರೆಗಳಿಗೆ ಚರಂಡಿ ನೀರು ಸೇರಿರುತ್ತದೆ, ನೋಡಿಕೊಂಡು ತನ್ನಿ. ಬೆರಳಿಗೆ ಸುತ್ತಿದರೆ ಬಿರಿಯದೆ ಬಳ್ಳಿಯಂತೆ ಸುತ್ತಿಕೊಳ್ಳಬೇಕು, ಅದೇ ಪರೀಕ್ಷೆ.

ಒಂದು ವೇಳೆ ಸುಡಲು ಎಲ್ಲೂ ಆಗಲಿಲ್ಲ ಅಂದರೆ ಹಸಿ ಹಣತೆಯನ್ನೇ ಚೆನ್ನಾಗಿ ಒಣಗಿಸಿ ತಟ್ಟೆಯ ಮೇಲಿಟ್ಟು ಒಂದು ಸಂಜೆ ಹಚ್ಚಿ. ಎಣ್ಣೆ ಜಾಸ್ತಿ ಕುಡಿಯುತ್ತದೆ, ಅಷ್ಟೇ. ನಮ್ಮ ಬೆಂಗಳೂರಿನ ದೊಡ್ಡ ಹಬ್ಬವೇ ಹಸಿ ಕರಗದ್ದು, ಅಂದರೆ ಸುಡದ ಮಣ್ಣಿನ ಮಡಕೆಯದ್ದು. ಅದರ ಮಣ್ಣು ಬರುತ್ತಿದ್ದುದು ಸಂಪಂಗಿ ಕೆರೆಯಿಂದ. ಆ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ, ಪಕ್ಕದಲ್ಲಿ ಒಂದು ಸಣ್ಣ ಕೊಳ ಉಳಿದಿದೆ. ಆ ಕೆರೆಗೂ ಯಾರಾದರೂ ಒಂದು ಹಣತೆ ಹಚ್ಚಬೇಕು ಅಂತ ಪ್ರತಿ ಚೈತ್ರದಲ್ಲಿ ಅನ್ನಿಸುತ್ತದೆ.

ಪ್ರಶ್ನೆ: ಹೊರದೇಶಗಳಲ್ಲಿ ಪಿಂಗಾಣಿಯಲ್ಲಿ ದೊಡ್ಡ ದೊಡ್ಡ ಸ್ಮಾರಕ ಮಾಡುತ್ತಾರೆ. ನಮ್ಮಲ್ಲಿ ಸತ್ತವರಿಗಾಗಿ ಅಂಥ ಕಲೆ ಯಾಕೆ ಬೆಳೆಯಲಿಲ್ಲ? (ಇಂದಿರಾನಗರ)

ಉತ್ತರ: ನೀವು ಹೇಳುತ್ತಿರುವುದು ಲಂಡನ್ನಿನ ಗಸಗಸೆ ಹೂಗಳ ಬಗ್ಗೆ ಇರಬೇಕು. 2014ರಲ್ಲಿ ಲಂಡನ್ ಟವರ್ ಕೋಟೆಯ ಒಣಕಂದಕದ ತುಂಬ ಕಲಾವಿದರಾದ ಪಾಲ್ ಕಮಿನ್ಸ್ ಮತ್ತು ಟಾಮ್ ಪೈಪರ್ ನೆಡಿಸಿದ್ದು 8,88,246 ಕೆಂಪು ಸೆರಾಮಿಕ್ ಹೂ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅದರ ವಸಾಹತುಗಳ ಕಡೆಯಿಂದ ಸತ್ತ ಒಬ್ಬೊಬ್ಬ ಸೈನಿಕನಿಗೆ ಒಂದೊಂದು. ಎಲ್ಲವನ್ನೂ ಕೈಯಲ್ಲೇ ಮಾಡಿದ್ದು. ನನಗೆ ಇಷ್ಟವಾದದ್ದು ಅದರ ಗಾತ್ರ ಅಲ್ಲ. ಪ್ರದರ್ಶನ ಮುಗಿದ ಮೇಲೆ ಕಿತ್ತು, ಹೂವುಗಳನ್ನು ಜನರಿಗೆ ಮಾರಿ, ಹಣವನ್ನು ಸೈನಿಕರಿಗೆ, ಅವರ ಕುಟುಂಬಗಳಿಗೆ ನೆರವಾಗುವ ಸಂಸ್ಥೆಗಳಿಗೆ ಕೊಟ್ಟರಲ್ಲ, ಅದು. ಕಂದಕ ಮತ್ತೆ ಖಾಲಿ ಆಯಿತು. ಬಿಡುವುದು ಅವರಿಗೂ ಗೊತ್ತಿದೆ.

ನಮ್ಮಲ್ಲಿ ಇಲ್ಲ ಅನ್ನುವುದನ್ನು ಒಪ್ಪಲಾರೆ. ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ, 1971ರಲ್ಲಿ, ಕಲಾವಿದ ಕೆ.ಜಿ. ಸುಬ್ರಮಣ್ಯನ್ ಟೆರಾಕೋಟದ, ಅಂದರೆ ಸುಟ್ಟ ಮಣ್ಣಿನ, ಉಬ್ಬುಫಲಕಗಳನ್ನು ಮಾಡಿದರು. ಪದಕ ತೊಟ್ಟ ಜನರಲ್‌ಗಳು, ಅವರ ಜೊತೆ ಬಲಿಯಾದವರ ಮೈಗಳು. ಹಸಿ ಮಣ್ಣಿನ ಹಾಳೆಯನ್ನು ಬೆರಳಲ್ಲಿ ಒತ್ತಿ, ಮಡಚಿ, ಚುಚ್ಚಿ ಮಾಡಿದ್ದು. ಗಾಯ ಮಾಡುವುದಕ್ಕೂ ಮಣ್ಣನ್ನು ಒತ್ತುವುದಕ್ಕೂ ಒಂದೇ ಬೆರಳು ಅನ್ನಿಸುತ್ತದೆ. ದಕ್ಷಿಣ ಗುಜರಾತಿನ ಆದಿವಾಸಿಗಳು ಹಿರಿಯರ ಆತ್ಮ ಇರಲಿ ಅಂತ ಮಣ್ಣಿನ ಪುಟ್ಟ ಗುಮ್ಮಟಗಳನ್ನು ಮಾಡಿಸಿ ಅರ್ಪಿಸುತ್ತಾರೆ. ಇನ್ನು ಕನ್ನಡದ ನೆಲದಲ್ಲಿ ಕಲ್ಲು ಆ ಕೆಲಸ ಮಾಡಿತು. ಬೆಂಗಳೂರು ಅನ್ನುವ ಹೆಸರು ಮೊದಲು ಕಾಣುವುದೇ ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು 890ರದ್ದು. ಬೆಂಗಳೂರ ಕಾಳಗದಲ್ಲಿ ಒಬ್ಬ ಸತ್ತ ಅನ್ನುವುದಕ್ಕಾಗಿ ನಿಲ್ಲಿಸಿದ ಕಲ್ಲು ಅದು.

ಪ್ರಶ್ನೆ: ನಮ್ಮ ತಂದೆ ಕುಂಬಾರರು. ಗೌರಿ-ಗಣೇಶ, ದೀಪಾವಳಿ ಹಣತೆ, ಬೇಸಿಗೆಗೆ ಹೂಜಿ, ಇವೆಲ್ಲ ಆಯಾ ಕಾಲದಲ್ಲಿ ಮಾತ್ರ. ವರ್ಷವಿಡೀ ನಿಲ್ಲದೆ ಹೋಗುವುದು ಸಾವಿನ ಮಡಕೆ. ರಾತ್ರಿ ಎರಡು ಗಂಟೆಗೂ ಬಾಗಿಲು ಬಡಿಯುತ್ತಾರೆ. ಯಾರೂ ಚೌಕಾಸಿ ಮಾಡುವುದಿಲ್ಲ, ಯಾರೂ ಅಪ್ಪನ ಮುಖವನ್ನೂ ನೋಡುವುದಿಲ್ಲ. ಅದೇ ಮಡಕೆಯನ್ನು ನಿಮ್ಮಂಥವರು ಗ್ಯಾಲರಿಯಲ್ಲಿ ಇಟ್ಟರೆ ಕಲೆ ಅನ್ನುತ್ತಾರೆ. ಇದು ನ್ಯಾಯವಾ? (ಮಾಗಡಿ ರಸ್ತೆ)

ಉತ್ತರ: ನ್ಯಾಯ ಅಲ್ಲ.

ನಾನೂ ಇದನ್ನು ಮಾಡಿದ್ದೇನೆ. ವರ್ಷಗಳ ಹಿಂದೆ ಒಂದು ಪ್ರದರ್ಶನಕ್ಕೆ ನಲವತ್ತು ಮಡಕೆ ಕೊಂಡೆ. ಅವುಗಳನ್ನು ತೂಗುಹಾಕಿ, ಒಂದೊಂದಕ್ಕೂ ತೂತು ಮಾಡಿ, ಕೆಳಗೆ ನೀರಿನ ತಟ್ಟೆ ಇಟ್ಟೆ. ಗೋಡೆಯ ಚೀಟಿಯಲ್ಲಿ ನನ್ನ ಹೆಸರು, 'ಟೆರಾಕೋಟ, ನೀರು, ಹಗ್ಗ' ಅಂತ ಬರೆದಿತ್ತು. ಹಗ್ಗಕ್ಕೆ ಸಿಕ್ಕ ಜಾಗ ಆ ಮಡಕೆ ಮಾಡಿದವರಿಗೆ ಸಿಗಲಿಲ್ಲ. ಆಗ ನನಗೆ ಅದು ತಪ್ಪು ಅಂತ ಹೊಳೆಯಲೇ ಇಲ್ಲ. ಈಗ ಯಾರಾದರೂ ಕುಂಬಾರರ ಕೈಯ ಮಡಕೆ ಬಳಸಿದರೆ ಚೀಟಿಯ ಮೇಲೆ ಅವರ ಹೆಸರು ಮೊದಲು ಬರಬೇಕು, ಮಾರಾಟವಾದರೆ ಅವರಿಗೂ ಪಾಲು ಹೋಗಬೇಕು ಅಂತ ನಾನು ಹೋದಲ್ಲೆಲ್ಲ ಜಗಳ ಮಾಡುತ್ತೇನೆ. ನಲವತ್ತು ಮಡಕೆ ಮಾಡಿದ ಆ ಮನುಷ್ಯರನ್ನು ಮತ್ತೆ ಹುಡುಕಿಕೊಂಡು ಹೋದೆ, ಸಿಗಲಿಲ್ಲ.

ನಿಮ್ಮ ತಂದೆಗೆ ಒಂದು ವಿಷಯ ಓದಿ ಹೇಳಿ. ಪುರನಾನೂರು ಅಂತ ತಮಿಳಿನ ಹಳೆಯ ಸಂಕಲನ, ಸುಮಾರು ಎರಡು ಸಾವಿರ ವರ್ಷದ್ದು. ಅದರ 256ನೇ ಕವಿತೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಮಾತಾಡುತ್ತಾಳೆ. ಬಂಡಿಯ ಚಕ್ರಕ್ಕೆ ಅಂಟಿಕೊಂಡ ಹಲ್ಲಿಯ ಹಾಗೆ ಅವನ ಜೊತೆ ಬೆಂಗಾಡನ್ನೆಲ್ಲ ದಾಟಿ ಬಂದೆ, ಅವನನ್ನು ಇಡುವ ಗುಡಾಣವನ್ನು ಕರುಣೆಯಿಟ್ಟು ಸ್ವಲ್ಪ ಅಗಲ ಮಾಡು, ನನಗೂ ಜಾಗ ಇರಲಿ ಅನ್ನುತ್ತಾಳೆ. ಅವಳು ಇದನ್ನು ಹೇಳುವುದು ಪುರೋಹಿತನಿಗಲ್ಲ, ರಾಜನಿಗಲ್ಲ. ಕುಂಬಾರನಿಗೆ. ನಿಮ್ಮ ಮನೆಯ ಬಾಗಿಲನ್ನು ರಾತ್ರಿ ಎರಡಕ್ಕೆ ಬಡಿಯುವವರು ಮುಖ ನೋಡದೇ ಇರುವುದು ಅವರಿಗೆ ಮುಖ ಎತ್ತಲು ಆಗದೇ ಇರುವುದರಿಂದಲೂ ಇರಬಹುದು. ನಮ್ಮ ಅಪ್ಪ ಹೋದ ದಿನ ಮಡಕೆ ತರಲು ನಾನೂ ಹೋಗಿದ್ದೆ. ಕೊಟ್ಟವರ ಮುಖ ನನಗೆ ನೆನಪಿಲ್ಲ. ಅವರ ಕೈ ನೆನಪಿದೆ, ಮೊಣಕೈವರೆಗೂ ಮಣ್ಣು ಒಣಗಿ ಬೆಳ್ಳಗಾಗಿತ್ತು.

ನಿಮ್ಮ ತಂದೆಯ ಮಡಕೆ ಹೆಗಲ ಮೇಲೆ ಒಡೆಯಬಾರದು. ಮೊನೆ ತಾಗಿದರೆ ತೂತಾಗಬೇಕು, ಸೀಳಬಾರದು. ಕೊನೆಗೆ ನೆಲಕ್ಕೆ ಬಿದ್ದರೆ ಒಂದೇ ಪೆಟ್ಟಿಗೆ ಚೂರಾಗಬೇಕು. ಒಂದೇ ಗೋಡೆಯಲ್ಲಿ ಈ ಮೂರೂ ಇರುವಂತೆ ಮಾಡಲು ನಾನು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಬಂದಿಲ್ಲ. ಮಣ್ಣಿಗೆ ಮರಳು ಎಷ್ಟು ಸೇರಿಸುತ್ತಾರೆ, ಹೊಟ್ಟೆಯ ಹತ್ತಿರ ತಟ್ಟುವಾಗ ಎಷ್ಟು ತೆಳು ಮಾಡುತ್ತಾರೆ, ಆವಿಗೆಯಲ್ಲಿ ಆ ಮಡಕೆಗಳನ್ನು ಯಾವ ಸಾಲಿನಲ್ಲಿ ಇಡುತ್ತಾರೆ ಅಂತ ಅವರ ಬಾಯಿಂದಲೇ ಕೇಳಬೇಕು. ಅವರು ಒಪ್ಪಿದರೆ ಅವರ ಹೆಸರಿನಲ್ಲೇ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಸಂಪಾದಕರಿಗೆ ಹೇಳಿದ್ದೇನೆ. ಗಣೇಶನ ಕೆಲಸ ಶುರುವಾಗುವ ಮೊದಲು ಯಾವ ದಿನ ಬಿಡುವು ಅಂತ ತಿಳಿಸಿ. ಬೆಳಿಗ್ಗೆಯೇ ಬರುತ್ತೇನೆ, ಅವರು ಮಣ್ಣು ತುಳಿಯುವ ಹೊತ್ತಿಗೆ.